ಇಮಾನದ ಗುತ್ಯಮ್ಮ

ನಗರದ ಕೋಟೆ ದಾಟಿ ಹೊಸನಗರದ ಕಡೆ ಬರುವಾಗ ಎಡಕ್ಕೊಂದು ಮಣ್ಣುರಸ್ತೆ ಇಳಿಯುತ್ತದೆ. ಅಲ್ಲಿ ನಿಂತು "ಗುತ್ಯಮ್ಮನ ಮನೆ ಯಾವುದು?" ಅಂತ ಕೇಳಿ ನೋಡಿ. "ಯಾವ ಗುತ್ಯಮ್ಮ?" ಅಂತ ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಚಂದ್ರಗುತ್ತಿ ಅಮ್ಮನಿಗೆ ಹರಕೆ ಹೊತ್ತು ಹಡೆದ ಹೆಣ್ಣುಮಕ್ಕಳಿಗೆಲ್ಲ ಅದೇ ಹೆಸರು. ಆ ಊರಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಒಬ್ಬ ಗುತ್ಯಮ್ಮನಿಗಾದರೂ ತಾಗುತ್ತದೆ. ಹಾಗಾಗಿ ಗುರುತಿಗೆ ಒಂದೊಂದು ಬಾಲ. ಅಂಗಡಿ ಗುತ್ಯಮ್ಮ, ಕೆರೆದಂಡೆ ಗುತ್ಯಮ್ಮ, ಸೊಸೈಟಿ ಗುತ್ಯಮ್ಮ. ಈಗ ಹೇಳಹೊರಟಿದ್ದು ಇಮಾನದ ಗುತ್ಯಮ್ಮನ ಸುದ್ದಿ.

ಓಹೋ, ವಿಮಾನ ಹತ್ತಿ ಬಂದ ಹೆಂಗಸು ಅಂದುಕೊಂಡಿರಾ? ಇಲ್ಲ ಮಾರಾಯ್ರೆ. ಹತ್ತಿ, ಇಳಿಸಿಕೊಂಡು, ಬಸ್ಸಲ್ಲಿ ಬಂದವಳು. ನಮ್ಮ ಕಡೆ ಬಾಯಿಗಳು ಹಾಗೇ, ಗಾಯ ಎಲ್ಲಿದೆ ಅಂತ ನೋಡಿಕೊಂಡೇ ಹೆಸರಿಡುತ್ತವೆ.

ಆಗ ಮಗ ಗೌತಮ ಕೈಗೂಸು. ಗಂಡ ಕನ್ನಪ್ಪ ಮಿಲಿಟರಿಯಲ್ಲಿದ್ದ, ಅಂಡಮಾನಿಗೆ ಹಾಕಿದ್ದರು. ಅಲ್ಲಿ ಸಂಸಾರಕ್ಕೆ ಅಂತ ಮನೆ ಸಿಕ್ಕಿತು, ಮಗು ಕರೆದುಕೊಂಡು ಬಾ ಅಂತ ಹೇಳಿಕಳಿಸಿದ. ಗುತ್ಯಮ್ಮ ಮದುವೆಯಾದ ಮೇಲೆ ಗಂಡನ ಜೊತೆ ಒಂದು ತಿಂಗಳು ಸೇರಿಸಿ ಇದ್ದವಳಲ್ಲ. ಕುಣಿದುಕೊಂಡು ಹೊರಟಳು. ಮೈದುನ ನಾಗೇಂದ್ರ ಮದ್ರಾಸಿನವರೆಗೆ ಬಿಡಲು ಹೋದ. ಅಲ್ಲಿಂದ ಮಿಲಿಟರಿಯವರದ್ದೇ ವಿಮಾನ. ಅದು ಸಾಮಾನು ಹೊರುವ ವಿಮಾನ. ಕೆಲಸದ ಮೇಲೆ ಹೋಗುವವರು ಹತ್ತಬೇಕು, ಸಾಮಾನು ಹತ್ತಬೇಕು, ಆಮೇಲೂ ಜಾಗ ಮಿಕ್ಕರೆ ಸಂಸಾರದವರು. ಕಾದರು, ಕಾದರು, ಕೊನೆಗೊಂದು ದಿನ ಹೆಸರು ಕೂಗಿದರು. ಹತ್ತಿ ಕೂತಳು. ಸೊಂಟಕ್ಕೆ ಬೆಲ್ಟೂ ಬಿಗಿದರು. ಅಷ್ಟರಲ್ಲಿ ಯಾವನೋ ಸಾಹೇಬನ ಮನೆಯ ಫ್ರಿಜ್ಜು ಬಂತು. ತೂಕ ಹೆಚ್ಚಾಯಿತು ಅಂದರು. ಬೆಲ್ಟು ಬಿಚ್ಚಿದರು. ಗುತ್ಯಮ್ಮನೂ ಕೂಸೂ ಕೆಳಗೆ, ಫ್ರಿಜ್ಜು ಮೇಲೆ.

ಕಾಯುತ್ತಿದ್ದ ನಾಗೇಂದ್ರನ ಹತ್ತಿರ ಬಂದು, "ಅದೆಂತ ಬಿಳೀ ಬೀರು ಮಾರಾಯ, ನನ್ನ ಇಳ್ಸಿ ಅದನ್ನ ಹತ್ತುಸ್ಕಂಡ್ರು?" ಅಂತ ಕೇಳಿದಳಂತೆ. "ಐಸ್ ಪೆಟ್ಗೆ ಅತ್ಗೆ," ಅಂದನಂತೆ ಅವನು.

ಮುಂದಿನ ವಿಮಾನಕ್ಕೆ ಕಾಯೋಣ ಅಂದರೆ ಭೂಮಿ ಹುಣ್ಣಿಮೆ ಹತ್ತಿರ ಬಂದಿತ್ತು. ಗದ್ದೆಯಲ್ಲಿ ಭತ್ತ ಹೊಡೆಯಾಗುವ ಹೊತ್ತಿಗೆ ಭೂಮಿತಾಯಿ ಬಸುರಿ ಅಂತ ನಮ್ಮವರ ಲೆಕ್ಕ. ಬಸುರಿಗೆ ಬಯಕೆ ಊಟ ಹಾಕುವ ಹಬ್ಬ ಅದು. ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಲ್ಲಿ ಚಿತ್ತಾರ ಬರೆದು, ರಾತ್ರಿಯೆಲ್ಲ ಅಡಿಗೆ ಮಾಡಿ, ಹೊತ್ತು ಮೂಡುವ ಮುಂಚೆ ಗದ್ದೆಗೆ ಹೋಗಿ ಚರಗ ಚೆಲ್ಲಬೇಕು, ಅಂದರೆ ಮಾಡಿದ್ದನ್ನೆಲ್ಲ ಕಲಸಿ ಭೂಮಿಗೆ ಎರಚಬೇಕು. ಬುಟ್ಟಿ ಬರೆಯುವವಳು ಮನೆಯ ಹಿರೀ ಸೊಸೆ. "ಅಷ್ಟ್ರೊಳಗೆ ಇಮಾನ ಸಿಗ್ದಿದ್ರೆ ವಾಪಸ್ ಬಾ, ಹುಣ್ಣಿಮೆಗೆ ಹಿರೀ ಸೊಸೆ ಮನೇಲಿರ್ಬೇಕು," ಅಂತ ಇವಳು ಹೊರಡುವಾಗಲೇ ಅತ್ತೆ ಮಾತು ತಗೊಂಡಿದ್ದರು. ಗುತ್ಯಮ್ಮ ಕೂಸು ಎತ್ತಿಕೊಂಡು ರೈಲು, ಬಸ್ಸು ಅಂತ ವಾಪಸ್ ಬಂದಳು. ಅಂಗಳದಲ್ಲಿ ನಿಂತಿದ್ದವಳು ವಾರಗಿತ್ತಿ ವಿಶಾಲಮ್ಮ, ನಾಗೇಂದ್ರನ ಹೆಂಡತಿ. ತೀರ್ಥಹಳ್ಳಿ ಕಡೆಯ ಹೆಣ್ಣು, ಬಾಯಿ ಅಂದರೆ ಬಾಯಿ. "ಬಂದ್ಲು ನೋಡ್ರೇ, ಇಮಾನದ ಗುತ್ಯಮ್ಮ!" ಅಂದಳು. ಕೇರಿ ಪೂರ್ತಿ ನಕ್ಕಿತು. ಹೆಸರು ಅಂಟಿತು.

ಅದನ್ನೂ ನುಂಗಿಕೊಳ್ಳುತ್ತಿದ್ದಳೋ ಏನೋ. ಆದರೆ ಕನ್ನಪ್ಪ ರಜೆಗೆ ಬಂದಾಗ ಅವನೆದುರು ಅತ್ತಳು, ಫ್ರಿಜ್ಜಿನ ಕತೆ ಹೇಳಿದಳು. ಅವನು ಕೇಳಿ, ಮೀಸೆ ತಿರುವಿ, "ರೂಲ್ಸ್ ಅಂದ್ರೆ ರೂಲ್ಸ್ ಕಣೆ. ಯಾರೇನು ಮಾಡಕ್ಕಾಗುತ್ತೆ?" ಅಂದ. ಇಳಿಸಿದವರ ಮೇಲೆ ಬಂದದ್ದಕ್ಕಿಂತ ದೊಡ್ಡ ಸಿಟ್ಟು ಅವತ್ತು ಗಂಡನ ಮೇಲೆ ಬಂತು. ಬೇರೆಯವರು ಅಂದರೆ ಅಂದುಕೊಳ್ಳಲಿ. ತನ್ನ ಪರವಾಗಿ ಇವನಾದರೂ ಒಂದು ಮಾತು ಆಡಬಾರದಿತ್ತಾ?

ಅಂಡಮಾನಿನ ಮನೆ ಅಲ್ಲಿಗೇ ಹೋಯಿತು. ಕನ್ನಪ್ಪನನ್ನು ಬೇರೆ ಕಡೆ ಹಾಕಿದರು. ಗುತ್ಯಮ್ಮ ಮನಸ್ಸಲ್ಲೇ ಎರಡು ಹಟ ಹಿಡಿದಳು. ಒಂದು, ಆ ಹೆಸರಿಗೆ ಓಗೊಡುವುದಿಲ್ಲ. 'ಇಮಾನದ ಗುತ್ಯಮ್ಮಾ' ಅಂತ ಗಂಟಲು ಹರಿಯುವ ಹಾಗೆ ಕೂಗಿ, ಮನೆಗೆ ಬೆಂಕಿ ಬಿದ್ದಿದೆ ಅಂದರೂ ತಿರುಗುವವಳಲ್ಲ. ಎರಡು, ಮನೆಯೊಳಗೆ ಫ್ರಿಜ್ಜಿಲ್ಲ. ಗೌತಮ ದೊಡ್ಡವನಾಗಿ, ಜೆಸಿಬಿ ಓಡಿಸಿ ಸಂಪಾದಿಸಿ, ಮದುವೆಯಾಗಿ, ಹೆಂಡತಿ ಸುಷ್ಮಾಳಿಗೆ ಅಂತ ಒಂದು ಕೆಂಪು ಫ್ರಿಜ್ಜು ತಂದ. ತಂದ ಗಾಡಿಯಲ್ಲೇ ವಾಪಸ್ ಹೋಯಿತು. "ಅದು ಒಳಗ್ ಬಂದ್ರೆ ನಾನು ಹೊರಗ್ ಹೋಗ್ತೀನಿ. ಒಂದ್ಸಲ ಅದ್ಕೆ ಜಾಗ ಬಿಟ್ಟಿದೀನಿ, ಸಾಕು," ಅಂದಳು ಗುತ್ಯಮ್ಮ. ಸುಷ್ಮಾ ಇವತ್ತಿಗೂ ಹಾಲು ಎರಡು ಹೊತ್ತು ಕಾಯಿಸುತ್ತಾಳೆ.

ಕನ್ನಪ್ಪ ಹವಾಲ್ದಾರನಾಗಿ ನಿವೃತ್ತನಾಗಿ ಬಂದು ಗದ್ದೆ ನೋಡಿಕೊಂಡಿದ್ದ. ಶಿಸ್ತಿನ ಮನುಷ್ಯ. ಡೇರಿ ಸೆಕ್ರೆಟರಿ ಎದುರಿಗೆ ಬಂದರೂ ಕೈ ಅರ್ಧ ಮೇಲಕ್ಕೆ ಹೋಗುತ್ತದೆ. ಈಚೆಗೆ ಹೊಸನಗರದಲ್ಲಿ ಮಾಜಿ ಸೈನಿಕರ ಸಭೆಗೆ ಹೋಗಿ ಬಂದವನು, ಊಟಕ್ಕೆ ಕೂತಾಗ ಸುಮ್ಮನೆ ಮಾತಿಗೆ ಅಂದ, "ರಿಟೈರ್ ಆದೋರಿಗೂ ಈಗ ಆ ವಿಮಾನದಲ್ಲಿ ಜಾಗ ಕೊಡ್ತಾರಂತೆ. ಹೆಂಡ್ತೀನೂ ಕರ್ಕೊಂಡು ಹೋಗ್ಬೌದು. ಎಲ್ಲ ಹತ್ತಿ ಮಿಕ್ರೆ ಮಾತ್ರ."

ಗುತ್ಯಮ್ಮ ಬಡಿಸುತ್ತಿದ್ದ ಸೌಟು ಕೆಳಗಿಟ್ಟಳು. "ಯಾವಾಗ ಹೊರಡಾದು?"

ಗೌತಮ ತಲೆ ಚಚ್ಚಿಕೊಂಡ. "ಅವ್ವಾ, ಅಂಡಮಾನ್ ನೋಡ್ಬೇಕಾ? ನಾನು ಟಿಕೆಟ್ ತೆಗೀತೀನಿ. ಕಿಟಕಿ ಸೀಟು, ತಿಂಡಿ, ಕಾಫಿ. ಆ ಗೂಡ್ಸ್ ಗಾಡಿಗೆ ಎಂತಕ್ಕೆ ಕೈಚಾಚ್ತೀಯ?"

"ದುಡ್ಡು ಕೊಟ್ರೆ ಯಾರ್ ಬೇಕಾದ್ರೂ ಹತ್ತುತಾರೆ, ಬಸ್ ಹತ್ತಿದಂಗೆ. ನಂಗೆ ಅಂಡಮಾನ್ ಕಟ್ಕಂಡು ಎಂತ ಆಗ್ಬೇಕಾ? ನನ್ನ ಯಾವ ಇಮಾನದಿಂದ ಇಳ್ಸಿದ್ರೋ ಅದನ್ನೇ ಹತ್ಬೇಕು. ಸಾಯೋದ್ರೊಳಗೆ ಹತ್ಬೇಕು. ಹತ್ತೇ ಸಾಯ್ಬೇಕು."

ಸಾಗರದಲ್ಲಿ ರೈಲು ಹತ್ತಿದರು. ಮದ್ರಾಸು ಚೆನ್ನೈ ಆಗಿತ್ತು, ಸೆಕೆ ಮಾತ್ರ ಹಳೆಯದೇ. ಮಾಜಿ ಸೈನಿಕರು ಇಳಿದುಕೊಳ್ಳುವ ವಿಶ್ರಾಂತಿ ಮನೆಯಲ್ಲಿ ಒಂದು ಕೋಣೆ ಸಿಕ್ಕಿತು. ವಿಮಾನ ವಾರಕ್ಕೆ ಎರಡು ಸಲ, ಮೂರು ಸಲ. ವಿಮಾನವಿದ್ದ ದಿನ ಕೋಳಿ ಕೂಗುವ ಮುಂಚೆ ಚೀಲ ಹೊತ್ತು ಗೇಟಿಗೆ ಹೋಗುವುದು, ತಗಡಿನ ಶೆಡ್ಡಿನಲ್ಲಿ ಸಾಲಾಗಿ ಕೂರುವುದು, ತಕ್ಕಡಿ ಹತ್ತಿ ತೂಕ ಕೊಡುವುದು, ಹೆಸರು ಕೂಗುವುದನ್ನು ಕಿವಿಗೊಟ್ಟು ಕೇಳುವುದು, ಕೂಗದಿದ್ದರೆ ಚೀಲ ಹೊತ್ತು ವಾಪಸ್ ಬರುವುದು. ಅಲ್ಲಿ ಹೆಸರು ಕೂಗುವವನು ಒಬ್ಬ ವಾರಂಟ್ ಆಫೀಸರ್, ಬಿಗಿ ಮುಖದ, ದಪ್ಪ ಹುಬ್ಬಿನ ಮನುಷ್ಯ. ಇವರಿಬ್ಬರನ್ನು ನೋಡಿದರೆ ಸಾಕು, ಕೈಯಲ್ಲೇ ಗಾಳಿ ಸರಿಸುತ್ತಿದ್ದ. ನಾಳಿದ್ದು ಬನ್ನಿ.

ನಾಳಿದ್ದು, ನಾಳಿದ್ದು ಅಂತ ಎರಡು ವಾರ ಮೇಲಾಯಿತು. ಕನ್ನಪ್ಪ ಒಂದು ಸಂಜೆ ಮೆಲ್ಲಗೆ, "ಏನೇ, ಊರಿಗೆ ಹೋಗಿ ಆಮೇಲ್ ಬರಾಣಾ?" ಅಂದ. ಗುತ್ಯಮ್ಮ ನೋಡಿದ ನೋಟಕ್ಕೆ ಮತ್ತೆ ಆ ಮಾತು ಎತ್ತಲಿಲ್ಲ.

ಅಷ್ಟರಲ್ಲಿ ವಿಶಾಲಮ್ಮನ ಫೋನು. "ಏ ಇಮಾನದ ಗುತ್ಯಮ್ಮಾ!" ಅಂದಳು. ಈ ಕಡೆಯಿಂದ ಉತ್ತರವಿಲ್ಲ. "ಅಕ್ಕಾ," ಅಂತ ತಿದ್ದಿಕೊಂಡಳು. "ನಾಡಿದ್ದು ಹುಣ್ಣಿಮೆ. ಬುಟ್ಟಿ ಯಾರ್ ಬರೀತಾರೆ? ಅತ್ತೆ ಇದ್ದಿದ್ರೆ ಎಂತ ಅಂತಿದ್ರು? ಅವತ್ತಿನ ಹಂಗೇ ಬಸ್ ಹತ್ತಿ ಬಾರೇ, ನಿಂಗೆ ಅಭ್ಯಾಸ ಇದೆ."

ಪಾಪ, ವಿಶಾಲಮ್ಮ ನಗೆಗೇ ಅಂದಿದ್ದು. ಆದರೆ ಗುತ್ಯಮ್ಮನ ಎದೆಯೊಳಗೆ ಅದು ನೇರ ಹೋಗಿ ಕೂತಿತು. ಅದೇ ಊರು, ಅದೇ ಹುಣ್ಣಿಮೆ, ಅದೇ ಹಿರೀ ಸೊಸೆ ಅನ್ನುವ ಹಗ್ಗ. ಒಂದು ಗಳಿಗೆ ಎದ್ದು ಚೀಲಕ್ಕೆ ಬಟ್ಟೆ ತುಂಬಿದಳು ಕೂಡ. ತುಂಬಿದ್ದನ್ನು ಮತ್ತೆ ಸುರಿದಳು. ಸುಷ್ಮಾಳಿಗೆ ಫೋನು ಮಾಡಿದಳು.

"ಬುಟ್ಟಿ ನೀನೇ ಬರಿ ಮಗಾ."

"ನಂಗೆ ಗೆರೆ ನೆಟ್ಟಗೆ ಬರಲ್ಲ ಅತ್ತೆ!"

"ಸೊಟ್ಟ ಬರಿ. ಬಸುರಿ ಹೊಟ್ಟೆ ನೋಡ್ತಾಳೆ, ಬುಟ್ಟಿ ಗೆರೆ ಅಳೀತಾಳಾ? ಇಲ್ಲಿ ನಾನೂ ಮಾಡ್ತೀನಿ."

"ಅಲ್ಲಿ ಗದ್ದೆ ಎಲ್ಲಿದೆ ಅತ್ತೆ?"

"ಗದ್ದೆ ಇಲ್ದಿದ್ರೆ ಭೂಮಿ ಇಲ್ವನೇ?"

ಹೂ ಮಾರುವವಳ ಹತ್ತಿರ ಒಂದು ಬಿದಿರು ಬುಟ್ಟಿ ಕೇಳಿ ತಂದಳು. ಕೆಮ್ಮಣ್ಣು ಎಲ್ಲಿ ಸಿಗಬೇಕು? ವಿಶ್ರಾಂತಿ ಮನೆಯ ಹಿತ್ತಲಲ್ಲಿ ಬಿದ್ದ ಇಟ್ಟಿಗೆ ಚೂರು ತೇದು ಕೆಂಪು ಮಾಡಿದಳು. ಅಡಿಗೆಯವನಿಗೆ ತಮಿಳು, ಇವಳಿಗೆ ಕನ್ನಡ, ಅಕ್ಕಿ ಮಾತ್ರ ಇಬ್ಬರಿಗೂ ಗೊತ್ತು. ಹಿಟ್ಟು ಸಿಕ್ಕಿತು, ಒಲೆ ಸಿಕ್ಕಿತು. ಅಂಚಿನಲ್ಲಿ ಸಾಲು ಗೆರೆ, ನಡುವೆ ಭತ್ತದ ಸಸಿ, ಕೈಕೈ ಹಿಡಿದ ಗೊಂಬೆಗಳು. ವಿಮಾನ ಬರೆದಳಾ ಅಂತ ಕೇಳಬೇಡಿ, ಬರೆಯಲಿಲ್ಲ. ಅದಕ್ಕೆ ಅಷ್ಟು ಮರ್ಯಾದೆ ಕೊಡುವ ಮನಸ್ಸು ಅವಳಿಗಿರಲಿಲ್ಲ. ಸೌತೆಕಾಯಿ ಕಡುಬು ಮಾಡಿದಳು. ಹಿತ್ತಲಲ್ಲಿದ್ದ ಹರಿವೆ, ಕುಂಬಳದ ಕುಡಿ, ಹೆಸರು ಗೊತ್ತಿಲ್ಲದ ಇನ್ನೆರಡು ಸೊಪ್ಪು ಸೇರಿಸಿ ಬೇಯಿಸಿದಳು.

ಹುಣ್ಣಿಮೆಯ ದಿನವೇ ವಿಮಾನವೂ ಇತ್ತು. ಚೀಲದ ಜೊತೆ ಬುಟ್ಟಿಯನ್ನೂ ಹೊತ್ತು ಹೋದರು. ತಕ್ಕಡಿಯವನು ಬುಟ್ಟಿ ನೋಡಿ ನಕ್ಕ. ವಾರಂಟ್ ಆಫೀಸರ್ ಹೆಸರು ಓದುತ್ತಾ ಓದುತ್ತಾ ಕೊನೆಗೆ, ಬಾಯಿಗೆ ಹಾಗಲಕಾಯಿ ಬಂದವನ ಹಾಗೆ ಮುಖ ಮಾಡಿ, "ಕನ್ನಪ್ಪ, ಹವಾಲ್ದಾರ್, ರಿಟೈರ್ಡ್. ಸಾಥ್ ಮೇ ಪತ್ನಿ," ಅಂದ. ಇಬ್ಬರಿಗೂ ಜಾಗ ಇತ್ತು!

ಕನ್ನಪ್ಪ ಸಲ್ಯೂಟ್ ಹೊಡೆದ. ಪೂರ್ವ ಬೆಳ್ಳಗಾಗುತ್ತಿತ್ತು, ಹೊತ್ತು ಇನ್ನೂ ಮೂಡಿರಲಿಲ್ಲ. ಚರಗ ಚೆಲ್ಲುವ ಹೊತ್ತು ಅದೇ. ಗುತ್ಯಮ್ಮ ಗಂಡನಿಗೆ ಒಂದು ಮಾತೂ ಹೇಳದೆ ಬುಟ್ಟಿ ಎತ್ತಿಕೊಂಡು ಶೆಡ್ಡಿನ ಹಿಂದೆ ಹೋದಳು. ತಂತಿಬೇಲಿ, ಬೇಲಿಯಾಚೆ ಹುಲ್ಲು, ಹುಲ್ಲಿನಾಚೆ ಉದ್ದಕ್ಕೆ ಮಲಗಿದ ಡಾಂಬರು ದಾರಿ. ಕೈ ಮುಗಿದಳು. ಕಡುಬು, ಸೊಪ್ಪು, ಮೊಸರನ್ನ ಎಲ್ಲ ಕಲಸಿ ಬೇಲಿಯಾಚೆ ದೂರ ದೂರ ಎರಚಿದಳು. ಕಾಗೆಗೆ ಒಂದು ಪಾಲು ಇಡದಿದ್ದರೆ ಹಬ್ಬ ಪೂರ್ತಿಯಾಗುವುದಿಲ್ಲವಲ್ಲ. "ಭೂಮ್ತಾಯಿ ಉಣ್ಣವ್ವಾ... ಹೂಯ್!" ಅಂತ ಎರಡು ಗದ್ದೆಬಯಲು ದಾಟುವ ಹಾಗೆ ಕೂಗಿ ಕರೆದಳು.

ಅಯ್ಯೋ ದೇವರೆ, ಬಂದವು ನೋಡಿ! ಚೆನ್ನೈನಲ್ಲಿ ಕಾಗೆಗಳಿಗೆ ಬರವಾ? ಮೊದಲು ಹತ್ತಿಪ್ಪತ್ತು, ಆಮೇಲೆ ಲೆಕ್ಕವಿಲ್ಲ. ಕಾಗೆ ಕಂಡು ಹದ್ದು ಬಂತು. ವಿಮಾನ ಏಳುವ ದಾರಿಯ ಮೇಲೇ ಅವುಗಳ ಜಾತ್ರೆ. ಸೈರನ್ನು ಕೂಗಿತು, ಜೀಪು ಓಡಿತು, ನಮ್ಮ ಕಡೆ ಮಂಗ ಓಡಿಸುವ ಹಾಗೆ ಪಟಾಕಿ ಹೊಡೆದರು. ಹಾರಿದ ಕಾಗೆಗಳು ಮತ್ತೆ ಬಂದು ಕಡುಬಿಗೆ ಕೂತವು. ಒಂದು ಹಕ್ಕಿ ಫ್ಯಾನಿಗೆ ಸಿಕ್ಕಿದರೆ ವಿಮಾನವೇ ಬೀಳಬಹುದಂತೆ, ಅದು ಗುತ್ಯಮ್ಮನಿಗೆ ಹೇಗೆ ಗೊತ್ತಿರಬೇಕು? ಕಾಗೆ ಬಂದು ಉಂಡರೆ ನಮ್ಮಲ್ಲಿ ಕೈ ಮುಗಿಯುತ್ತೇವೆ.

ವಾರಂಟ್ ಆಫೀಸರ್ ಉರಿದುಬಿದ್ದ. ಇದು ಸರ್ಕಾರಿ ಜಾಗ, ಯಾರನ್ನು ಕೇಳಿ ಚೆಲ್ಲಿದಿರಿ ಅಂತ ಹಿಂದಿಯಲ್ಲಿ ಗರ್ಜಿಸಿದ. ಕನ್ನಪ್ಪ ತಲೆ ತಗ್ಗಿಸಿ ಅಷ್ಟನ್ನೂ ಕನ್ನಡಕ್ಕೆ ತಿರುಗಿಸಿದ.

"ಹೇಳಿ ಅವನಿಗೆ," ಅಂದಳು ಗುತ್ಯಮ್ಮ. "ಗೇಣಿ ಕಾಲ್ದಲ್ಲಿ ನಮ್ಮತ್ತೆ ಧಣಿ ಗದ್ದೆಗೇ ಚರಗ ಚೆಲ್ತಿದ್ರು. ಧಣಿನ ಕೇಳಿ ಚೆಲ್ಲಲಿಲ್ಲ. ಬಸುರಿಗೆ ಊಟ ಹಾಕಕ್ಕೆ ಅವಳ ಗಂಡ ಯಾರು ಅಂತ ವಿಚಾರಿಸ್ತಾರಾ? ಕಾಗೆ ಬಂದಿದ್ದು ತಪ್ಪಾಗಿದೆ, ಅದು ಹೌದು. ಊಟ ಹಾಕಿದ್ದು ತಪ್ಪಲ್ಲ."

ಕನ್ನಪ್ಪ ಇದರಲ್ಲಿ ತಪ್ಪಾಗಿದೆ ಅನ್ನುವಷ್ಟನ್ನು ಮಾತ್ರ ಹಿಂದಿಗೆ ತಿರುಗಿಸಿದ. ಸದ್ಯ, ಹೆಸರು ಹೊಡೆದುಹಾಕಲಿಲ್ಲ.

ಕಾಗೆಗಳು ತೃಪ್ತಿಯಾಗಿ ಉಂಡು ಎದ್ದು ಹೋಗುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಎಲ್ಲರನ್ನೂ ಹತ್ತಿಸಿದರು. ವಿಮಾನ ಹಿಂದಿನ ಬಾಗಿಲು ಇಳಿಬಿಟ್ಟುಕೊಂಡು ನಿಂತಿತ್ತು. ಒಳಗೆ ಎರಡೂ ಗೋಡೆಗೆ ಒರಗಿಸಿ ಕಟ್ಟಿದ ಕ್ಯಾನ್ವಾಸ್ ಪಟ್ಟಿಗಳೇ ಸೀಟು, ನಡುವೆ ಬಲೆ ಬಿಗಿದ ಸಾಮಾನು. ಇದಾ! ಇದಕ್ಕಾ ನಾನು ಇಷ್ಟು ವರ್ಷ ಊರವರ ಬಾಯಿಗೆ ಸಿಕ್ಕಿದ್ದು! ಗೊಬ್ಬರದ ಲಾರಿಗೂ ಇದಕ್ಕೂ ಎಂತ ವ್ಯತ್ಯಾಸ, ಅಂದುಕೊಂಡಳು ಗುತ್ಯಮ್ಮ. ಅಂದುಕೊಂಡರೂ ಬೆಲ್ಟು ಹಾಕುವಾಗ ಕಣ್ಣು ಒದ್ದೆಯಾಯಿತು.

ಬಾಗಿಲು ಇನ್ನೇನು ಮೇಲೇಳಬೇಕು, ವಾರಂಟ್ ಆಫೀಸರ್ ಒಳಗೆ ಬಂದ. ಬಿಸಿಲೇರಿದರೆ ಗಾಳಿ ತೆಳುವಾಗುತ್ತದಂತೆ, ಬೆಳಗ್ಗೆ ಎತ್ತುವಷ್ಟು ಭಾರವನ್ನು ವಿಮಾನ ಬಿಸಿಲಲ್ಲಿ ಎತ್ತಲಾರದಂತೆ. ಒಬ್ಬರ ತೂಕ ಇಳಿಯಬೇಕು. ಅವನ ಕೈ ನೇರ ಗುತ್ಯಮ್ಮನ ಕಡೆ ತಿರುಗಿತು. ತಡ ಯಾರಿಂದ ಆಯಿತೋ ಅವರೇ ಇಳಿಯಲಿ. ಗಂಡ ಹೋಗಬಹುದು.

ಗುತ್ಯಮ್ಮನಿಗೆ ಕನ್ನಡಕ್ಕೆ ತಿರುಗಿಸಿ ಹೇಳಬೇಕಾಗಿರಲಿಲ್ಲ. ಆ ಕೈಯನ್ನು ಅವಳು ಮುಂಚೆ ಒಂದು ಸಲ ನೋಡಿದ್ದಳು. ಎದುರಿಗೆ ಬಲೆಯೊಳಗೆ ಏನಿದೆ ಅಂತ ಆಗ ಕಣ್ಣಿಗೆ ಬಿತ್ತು. ಫ್ರಿಜ್ಜಲ್ಲ, ಬಟ್ಟೆ ಒಗೆಯುವ ಮಿಷನ್ನು. ಅದೇ ಬಿಳಿ, ಅದೇ ಜಾತಿ, ಫ್ರಿಜ್ಜಿನ ತಮ್ಮ. ಅವಳು ಸೀಟಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಳು.

"ನಾ ಇಳಿಯಲ್ಲ," ಅಂದಳು. "ಹೊತ್ಕಂಡೇ ಇಳಿಸ್ಬೇಕು ನನ್ನ. ಇಳ್ಸೋದಿದ್ರೆ ಅದನ್ನ ಇಳಿಸ್ರಾ!"

ಗಂಡನನ್ನು ಬಿಟ್ಟರೆ ಅಲ್ಲಿದ್ದ ಒಬ್ಬರಿಗೂ ಕನ್ನಡ ಬರುತ್ತಿರಲಿಲ್ಲ. ಆದರೆ ಎಲ್ಲರೂ ಮಿಷನ್ನಿನ ಕಡೆ ತಿರುಗಿ ನೋಡಿದರು.

ಕನ್ನಪ್ಪ ಎದ್ದು ನಿಂತಿದ್ದ. ಬೆಲ್ಟು ಬಿಚ್ಚಿಯಾಗಿತ್ತು, ಕೈ ಆಗಲೇ ಚೀಲದ ಮೇಲಿತ್ತು. ಆರ್ಡರ್ ಅಂದರೆ ಅವನ ಮೈಯೇ ಏಳುತ್ತದೆ, ಬುದ್ಧಿ ಆಮೇಲೆ ಏಳುತ್ತದೆ. ಗುತ್ಯಮ್ಮ ಮೇಲೆ ನೋಡಿದಳು. ಬಾ ಅಂತ ಕರೆಯುತ್ತಾನೆ ಈಗ. ರೂಲ್ಸ್ ಅಂದ್ರೆ ರೂಲ್ಸ್ ಅನ್ನುತ್ತಾನೆ. ಅಂದರೆ ಇಲ್ಲಿಗೆ ಮುಗಿಯಿತು, ಇಳಿಯುತ್ತೇನೆ, ಇನ್ನು ಈ ಜನ್ಮದಲ್ಲಿ ಇವನ ಮುಖ ನೋಡಿ ಮಾತಾಡುವುದಿಲ್ಲ ಅಂತ ನಿಶ್ಚಯ ಮಾಡಿಕೊಂಡಳು. ಅವನ ಬಾಯಿ ತೆರೆಯುವುದನ್ನೇ ಕಾದಳು.

ಕನ್ನಪ್ಪ ಅವಳನ್ನು ನೋಡಿದ. ಪಟ್ಟಿ ಹಿಡಿದು ಬಿಳಿಚಿಕೊಂಡಿದ್ದ ಬೆರಳು ನೋಡಿದ. ಉಗುರಿನ ಸಂದಿಯಲ್ಲಿ ಇಟ್ಟಿಗೆಯ ಕೆಂಪು ಇನ್ನೂ ಇತ್ತು. ಚೀಲ ಬಿಟ್ಟು ಕೂತ. ಕೂತು, ಬೆಲ್ಟು ಎಳೆದು ಬಿಗಿದುಕೊಂಡ.

"ಸಾಬ್, ಯೆ ನಹೀ ಉತರೇಗೀ," ಅಂದ. ಇವಳು ಇಳಿಯುವುದಿಲ್ಲ ಅಂತ. ಹಿಂದಿಯಲ್ಲೇ ಮುಂದುವರಿಸಿದ. "ನಾನೂ ಇಳಿಯಲ್ಲ. ಇವಳನ್ನ ಒಂದ್ಸಲ ಇಳಿಸಿದೀರಿ. ಆಗ ನಾನು ಏನೂ ಅನ್ಲಿಲ್ಲ. ಈಗ ಅಂತೀನಿ. ಸಾಮಾನು ಇಳಿಸಿ."

ವಾರಂಟ್ ಆಫೀಸರನ ಹುಬ್ಬು ಮೇಲಕ್ಕೆ ಹೋಯಿತು. ಅವನು ಬಾಯಿ ತೆರೆಯುವುದರೊಳಗೆ ಎದುರು ಸಾಲಿನಲ್ಲಿದ್ದ ಒಬ್ಬ ಎಳೇ ಮೇಜರ್ ಕೈಯೆತ್ತಿದ. ಮುಖ ಕೆಂಪಾಗಿತ್ತು. ಆ ಮಿಷನ್ನು ಅವನದೇ. ಇಳಿಸಿಬಿಡಿ ಸಾಬ್, ಮುಂದಿನ ವಾರ ಬರಲಿ, ಅಲ್ಲೀತನಕ ಕೈಯಲ್ಲೇ ಒಗ್ಕೊಳ್ತೀನಿ ಅಂದ. ಯಾರೋ ನಕ್ಕರು. ನಾಲ್ಕು ಜನ ಸೇರಿ ಬಲೆ ಬಿಚ್ಚಿ ಅದನ್ನು ಕೆಳಗಿಳಿಸಿದರು.

ಬಾಗಿಲು ನಿಧಾನಕ್ಕೆ ಮೇಲೇಳುವಾಗ ಗುತ್ಯಮ್ಮ ಬಗ್ಗಿ ನೋಡಿದಳು. ಸುಡುವ ಡಾಂಬರಿನ ಮೇಲೆ ಅದು ಒಂಟಿಯಾಗಿ ನಿಂತಿತ್ತು. "ಪಾಪ," ಅಂದಳು. "ಅದೂ ಎಲ್ಲಿಗೋ ಅಂತ ಹೊರಟಿತ್ತು." ಫ್ಯಾನುಗಳ ಸದ್ದಿಗೆ ಯಾರಿಗೂ ಕೇಳಲಿಲ್ಲ. ಕನ್ನಪ್ಪ ಅವಳ ಕೈ ಹಿಡಿದುಕೊಂಡಿದ್ದ, ಅಷ್ಟು ಜನರೆದುರು. ಅವಳು ಬಿಡಿಸಿಕೊಳ್ಳಲಿಲ್ಲ. ಚಕ್ರ ನೆಲ ಬಿಟ್ಟಾಗ ಆ ಖಾಲಿ ಬುಟ್ಟಿಯನ್ನು ತೊಡೆಯ ಮೇಲೆ ಅವುಚಿಕೊಂಡು ಗಟ್ಟಿಯಾಗಿ ಅತ್ತಳು. ಆಮೇಲೆ ನಕ್ಕಳು. ಗಾಳಿಗೆ ಕಿವಿ ಕಟ್ಟಿ, ಮೈ ಗಡಗಡ ಅಲುಗಿ, ಕಿಟಕಿಯಲ್ಲಿ ಒಂದು ಚೂರು ನೀಲಿ ಬಿಟ್ಟರೆ ಏನೂ ಕಾಣಲಿಲ್ಲ. ಅವಳಿಗೆ ಅಷ್ಟು ಸಾಕಿತ್ತು.

ಅಂಡಮಾನಿನಲ್ಲಿ ಇಳಿದು ಶೆಡ್ಡಿಗೆ ಬರುವಷ್ಟರಲ್ಲಿ ಚೀಲದೊಳಗಿನ ಫೋನು ಬಡಿದುಕೊಳ್ಳುತ್ತಿತ್ತು. ವಿಶಾಲಮ್ಮ. ಹಬ್ಬದೂಟ ಮುಗಿಸಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡೇ ಮಾತು.

"ಏ ಇಮಾನದ ಗುತ್ಯಮ್ಮಾ, ಬಸ್ ಹತ್ತಿದ್ಯೇನೇ?"

ಗುತ್ಯಮ್ಮ ಕೆದರಿದ ಕೂದಲು ಹಿಂದೆ ಸರಿಸಿದಳು. ಸುತ್ತ ಒಂದು ಸಲ ನೋಡಿದಳು.

"ಓ," ಅಂದಳು. "ಹೇಳೇ ವಿಶಾಲೂ."